ಹನಿಯ ಅಂಚು ಜಾರುತ್ತದೆಯೋ, ಉರುಳುತ್ತದೆಯೋ?

ಗಟ್ಟಿ ಮೇಲ್ಮೈಗೆ ತಾಗಿದ ದ್ರವದ ಪದರ ಚಲಿಸುವುದೇ ಇಲ್ಲವೆಂದು ಪಠ್ಯಪುಸ್ತಕ ಹೇಳುತ್ತದೆ, ಹಾಗಿದ್ದರೆ ಹನಿಯ ಅಂಚು ಮುಂದೆ ಸಾಗುವುದು ಹೇಗೆ ಎಂದು ಕೇಳಿದ್ದೀರಿ. ಅಂಚು ಬಹುಮಟ್ಟಿಗೆ ಜಾರುವುದಿಲ್ಲ, ಉರುಳುತ್ತದೆ. ಸುತ್ತಿಟ್ಟ ಚಾಪೆಯನ್ನು ಬಿಚ್ಚುತ್ತ ಹೋದಾಗ ನೆಲ ಮುಟ್ಟಿದ ಭಾಗ ಇದ್ದಲ್ಲೇ ಇದ್ದರೂ ಸುರುಳಿ ಮುಂದಕ್ಕೆ ಹೋಗುತ್ತದಲ್ಲವೇ? ಹನಿಯ ಮೇಲ್ಭಾಗದ ದ್ರವವೂ ಹಾಗೆಯೇ ಮುಂದೆ ಬಂದು, ಕೆಳಗಿಳಿದು, ಮೇಲ್ಮೈಯನ್ನು ಮುಟ್ಟಿ ನಿಲ್ಲುತ್ತದೆ.

ಆದರೆ ತೊಡಕು ಇಷ್ಟಕ್ಕೇ ಬಗೆಹರಿಯುವುದಿಲ್ಲ. ಅಂಚಿನ ಬಳಿ ದ್ರವ ಬೆಣೆಯಂತೆ ತೆಳುವಾಗುತ್ತ ಹೋಗುವುದರಿಂದ ತಳದ ನಿಂತ ಪದರಕ್ಕೂ ಮೇಲಿನ ಚಲಿಸುವ ಪದರಕ್ಕೂ ನಡುವಿನ ದೂರ ಇಲ್ಲವಾಗುತ್ತದೆ, ಆಗ ಒಳಘರ್ಷಣೆಯ ಲೆಕ್ಕ ಅನಂತಕ್ಕೆ ಮುಟ್ಟುತ್ತದೆ. ಇದು ನಿಜವಾದರೆ ಹರ್ಕ್ಯುಲಸನಿಂದಲೂ ಒಂದು ವಸ್ತುವನ್ನು ನೀರಿನಲ್ಲಿ ಮುಳುಗಿಸಲಾಗದು ಎಂದು 1971ರಲ್ಲಿ ಚುನ್ ಹೂ (Huh) ಮತ್ತು ಸ್ಕ್ರಿವೆನ್ ಎಂಬ ಸಂಶೋಧಕರು ತಮಾಷೆಯಾಗಿಯೇ ಬರೆದರು. ವಾಸ್ತವದಲ್ಲಿ ನ್ಯಾನೊಮೀಟರ್‌ಗಳಲ್ಲಿ ಅಳೆಯುವಷ್ಟು ಕಿರಿದಾದ ಅಂಚಿನಲ್ಲಿ, ತಾಗಿದ ಪದರ ಚಲಿಸದು ಎಂಬ ಆ ನಿಯಮ ಸಡಿಲಗೊಳ್ಳುತ್ತದೆ. ಅಲ್ಲಿ ದ್ರವ ಜಾರುತ್ತದೆಯೋ, ಅಣುಗಳು ಒಂದೊಂದಾಗಿ ಜಿಗಿಯುತ್ತವೆಯೋ ಎಂಬುದರಲ್ಲಿ ತಜ್ಞರಿಗೆ ಇನ್ನೂ ಒಮ್ಮತವಿಲ್ಲ.

ಚಿಕ್ಕಮಗಳೂರಿನ ಕಾಫಿ ತೋಟದವನಾದ ನನಗೆ, ಅಂಚು ಯಾವಾಗ ಚಲಿಸುವುದಿಲ್ಲ ಎಂಬುದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ದ್ರವವು ಮೇಲ್ಮೈಯನ್ನು ಸೇರುವ ಕೋನವನ್ನು ಮೇಲ್ಮೈ ಎಳೆತಗಳ (ಮೇಲ್ಮೈಯನ್ನು ಕುಗ್ಗಿಸಲು ಎಳೆಯುವ ಬಲಗಳ) ಸಮತೋಲನ ನಿರ್ಧರಿಸುತ್ತದೆ ಎಂದು ಥಾಮಸ್ ಯಂಗ್ 1805ರಲ್ಲಿ ತೋರಿಸಿದರಾದರೂ, ಒರಟಾದ, ಧೂಳು ಹಿಡಿದ ನಿಜವಾದ ಎಲೆಯ ಮೇಲೆ ಅಂತಹ ಒಂದೇ ಕೋನ ಸಿಗುವುದಿಲ್ಲ. ಅಂಚು ಮುಂದೊತ್ತಲು ಕೋನ ಒಂದು ಮಿತಿಗಿಂತ ಹೆಚ್ಚಬೇಕು, ಹಿಂದೆ ಸರಿಯಲು ಇನ್ನೊಂದು ಮಿತಿಗಿಂತ ತಗ್ಗಬೇಕು, ನಡುವಿನಲ್ಲಿದ್ದರೆ ಅಂಚು ಕದಲದು. ಓರೆಯಾದ ಎಲೆಯ ಮೇಲೆ ಹನಿ ಕೆಳಗಡೆ ಉಬ್ಬಿ, ಮೇಲ್ಗಡೆ ಚಪ್ಪಟೆಯಾಗಿ, ಬೀಳದೆ ನಿಲ್ಲುವುದು ಇದರಿಂದಲೇ.

ಎಲೆ ತುಕ್ಕು ರೋಗಕ್ಕಾಗಿ ಮುಂಗಾರಿಗೆ ಮೊದಲು 0.5% ಬೋರ್ಡೋ ದ್ರಾವಣವನ್ನು (ಮೈಲುತುತ್ತು, ಸುಣ್ಣ ಬೆರೆಸಿದ ಶಿಲೀಂಧ್ರನಾಶಕವನ್ನು) ಎಲೆಯ ಅಡಿಭಾಗಕ್ಕೆ ಸಿಂಪಡಿಸುವಾಗ ಅಂಟು ದ್ರಾವಣ ಬೆರೆಸುವ ಉದ್ದೇಶಗಳಲ್ಲಿ ಒಂದು, ಮೇಲ್ಮೈ ಎಳೆತವನ್ನು ಇಳಿಸಿ ಈ ಕೋನವನ್ನು ಕಿರಿದಾಗಿಸಿ ಹನಿ ಹರಡುವಂತೆ ಮಾಡುವುದು. ಆದರೂ ಹರಡುವಿಕೆ ಬರಬರುತ್ತಾ ವಿಪರೀತ ನಿಧಾನವಾಗುತ್ತದೆ, ಏಕೆಂದರೆ ಶಕ್ತಿಯ ಹೆಚ್ಚಿನ ಪಾಲು ಆ ತೆಳು ಅಂಚಿನ ಘರ್ಷಣೆಗೇ ವ್ಯಯವಾಗುತ್ತದೆ. ಪೂರ್ತಿ ಹರಡಬಲ್ಲ ಸಣ್ಣ ಹನಿಯ ತ್ರಿಜ್ಯವು ಕಾಲದ ಹತ್ತನೆಯ ಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದು 1979ರ ಟ್ಯಾನರ್ ನಿಯಮ. ಅಂದರೆ ತ್ರಿಜ್ಯ ಇಮ್ಮಡಿಯಾಗಲು 1,024 ಪಟ್ಟು ಸಮಯ ಬೇಕು, ಬಿಸಿಲಿನಲ್ಲಿ ಅಷ್ಟರೊಳಗೆ ನೀರೇ ಆರಿಹೋಗಿರುತ್ತದೆ. ಹಾಗಾಗಿ ಬಿದ್ದ ಹನಿ ತಾನಾಗಿ ಹರಡೀತೆಂದು ನೆಚ್ಚುವುದಕ್ಕಿಂತ, ಸಣ್ಣ ಹನಿಗಳು ಒತ್ತೊತ್ತಾಗಿ ಬೀಳುವಂತಹ ನಾಝಲ್ ಹಾಕಿಕೊಳ್ಳುವುದೇ ಲೇಸೆಂದು ನಾನು ಭಾವಿಸುತ್ತೇನೆ.