ಯೆಸ್ಲರ್ ಬೀದಿಯ ಹೆಸರು ಮತ್ತು ನಿಮ್ಮ ಪ್ರಶ್ನೆ

ನಮಸ್ಕಾರ. ಸಿಯಾಟಲ್‌ಗೆ ಬಂದು ಮೂರು ವಾರವಾಯಿತೆಂದು ಬರೆದು, ದಿನವೂ ಬಸ್ಸಿಳಿಯುವ ಯೆಸ್ಲರ್ ವೇ ಎಂಬ ಬೀದಿಯ ಹೆಸರು ಯಾರದೆಂದೂ, ಗುರುತಿನವರಿಲ್ಲದ ಊರಿನಲ್ಲಿ ಬೇರೂರಲು ಎಷ್ಟು ಕಾಲ ಹಿಡಿಯುತ್ತದೆಂದೂ ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿರುವ ನನಗೆ ಮೊದಲ ಪ್ರಶ್ನೆಯಲ್ಲೇ ಎರಡನೆಯದಕ್ಕೂ ಉತ್ತರವಿದೆ ಎನ್ನಿಸುತ್ತದೆ.

ಹೆನ್ರಿ ಯೆಸ್ಲರ್ 1810ರಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿ, ಒಹಾಯೊದ ಮ್ಯಾಸಿಲನ್ನಿನಲ್ಲಿ ಬಡಗಿಯಾಗಿ ದುಡಿದವನು. 1852ರ ಅಕ್ಟೋಬರಿನಲ್ಲಿ ಅವನು ಇಲ್ಲಿಗೆ ಬಂದಾಗ ವಲಸಿಗರ ಊರೆಂದರೆ ಎಲಿಯಟ್ ಕೊಲ್ಲಿಯ ದಡದ ಕೆಲವೇ ಮರದ ಮನೆಗಳು. ಡೆನ್ನಿ, ಬೋರೆನ್ ಮತ್ತು ಬೆಲ್ ಕುಟುಂಬಗಳು ಅದರ ಹಿಂದಿನ ವರ್ಷದ ನವೆಂಬರಿನಲ್ಲಷ್ಟೇ ಹಡಗಿನಿಂದ ಆಲ್ಕೈ ದಂಡೆಗೆ ಇಳಿದು, ಬಳಿಕ ಈ ದಡಕ್ಕೆ ಬಂದಿದ್ದವು. ಸುತ್ತ ಆಕಾಶ ಮುಟ್ಟುವ ಫರ್ ಮರಗಳಿದ್ದರೂ ಅವನ್ನು ಕೊಯ್ದು ಹಲಗೆ ಮಾಡುವ ಯಂತ್ರವಿರಲಿಲ್ಲ. ಯೆಸ್ಲರನಿಗೆ ಉಗಿಯಂತ್ರದ ಮಿಲ್ಲು ಹಾಕುವ ಮನಸ್ಸಿತ್ತು, ಆದರೆ ನೀರಿನಂಚಿನ ನೆಲವನ್ನೆಲ್ಲ ಮೊದಲು ಬಂದವರು ಹಂಚಿಕೊಂಡು ಬಿಟ್ಟಿದ್ದರು. ಆಗ ಬೋರೆನ್ ಮತ್ತು ವೈದ್ಯ ಮೇನಾರ್ಡ್ ತಮ್ಮ ಎಲ್ಲೆಗಳನ್ನು ಸರಿಸಿ, ಗುಡ್ಡದ ಕಾಡಿನಿಂದ ಕೊಲ್ಲಿಯವರೆಗೆ ಉದ್ದನೆಯ ಪಟ್ಟಿಯೊಂದನ್ನು ಅವನಿಗೆ ಬಿಟ್ಟುಕೊಟ್ಟರು. ನೀವು ದಿನವೂ ಇಳಿಯುವ ಬೀದಿ ಇರುವುದು ಆ ಪಟ್ಟಿಯಲ್ಲೇ. ಮೊದಲು ಅದನ್ನು ಮಿಲ್ ಸ್ಟ್ರೀಟ್ ಎಂದು ಕರೆಯುತ್ತಿದ್ದರು.

1853ರಲ್ಲಿ ಮಿಲ್ಲು ಶುರುವಾಯಿತು. ಸಿಯಾಟಲ್ ಇರುವ ಪ್ಯೂಜೆಟ್ ಸೌಂಡ್ ಎಂಬ ಕರಾವಳಿ ಪ್ರದೇಶದಲ್ಲಿ ಉಗಿಯಿಂದ ನಡೆದ ಮೊದಲ ಮರದ ಮಿಲ್ಲು ಅದು. ದಿಮ್ಮಿಗಳನ್ನು ಇಳಿಜಾರಿನಲ್ಲಿ ಎಳೆದು ತರುತ್ತಿದ್ದರು, ಹಲಗೆ ತೊಲೆಗಳು ಸ್ಯಾನ್ ಫ್ರಾನ್ಸಿಸ್ಕೊಗೆ ಹಡಗೇರುತ್ತಿದ್ದವು, ಉಳಿದ ಹೊಟ್ಟನ್ನು ದಡದ ಜೌಗಿಗೆ ಸುರಿಯುತ್ತಿದ್ದರು. ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಸಾಮಿಲ್ಲಿನ ಪಕ್ಕದ ಓಣಿಯಲ್ಲಿ ಬೆಳೆದವನು. ಮಳೆ ನೆನೆದ ಹೊಟ್ಟಿನ ರಾಶಿಯ ಮೇಲೆ ಕಾಲಿಟ್ಟರೆ ಪಾದ ಮೆತ್ತಗೆ ಒಳಗಿಳಿದು ಕೆಳಗಿನ ಬಿಸಿ ತಾಗುತ್ತಿದ್ದುದು ಇನ್ನೂ ನೆನಪಿದೆ. ಈ ಊರಿನ ಹಳೆಯ ಪೇಟೆಯಾದ ಪಯೊನಿಯರ್ ಸ್ಕ್ವೇರಿನ ಒಂದಷ್ಟು ನೆಲ ಅಂಥದೇ ಹೊಟ್ಟು ತುಂಬಿ ಆದದ್ದೆಂದು ಓದಿದ ದಿನ ಈ ಊರು ನನಗೆ ಮೊದಲ ಬಾರಿಗೆ ಹತ್ತಿರದ್ದೆನಿಸಿತು.

ಆದರೆ ಮಿಲ್ಲಿಗಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಅದರ ಪಕ್ಕದ ಅಡುಗೆಮನೆ. ಕೆಲಸಗಾರರ ಊಟಕ್ಕೆಂದು ದಿಮ್ಮಿಗಳಿಂದ ಕಟ್ಟಿದ ಆ ಒಂದು ಮನೆಯಲ್ಲೇ ನ್ಯಾಯಾಲಯ ಕೂಡುತ್ತಿತ್ತು, ಪ್ರಾರ್ಥನೆ ನಡೆಯುತ್ತಿತ್ತು, ಊರಿನ ಸಭೆ ಸೇರುತ್ತಿತ್ತು. ಹೊಸದಾಗಿ ಬಂದವರು ಊರಿನವರ ಮುಖ ಕಂಡದ್ದು ಅಲ್ಲೇ. ಅಂಥ ಒಂದು ಜಾಗವನ್ನು ನೀವು ಬೇಗ ಹುಡುಕಿಕೊಳ್ಳಿ. ಅದು ಕನ್ನಡ ಸಂಘವಾಗಬಹುದು, ಬಡಾವಣೆಯ ಗ್ರಂಥಾಲಯವೂ ಆಗಬಹುದು. ಯೆಸ್ಲರನ ಹೆಂಡತಿ ಸಾರಾ ಒಹಾಯೊದಿಂದ ಬಂದು ಸೇರಿದ್ದು 1858ರಲ್ಲಿ, ಸುಮಾರು ಆರು ವರ್ಷಗಳ ನಂತರ. ಹತ್ತು ವರ್ಷ ಕಳೆದು ಇಲ್ಲಿ ಗ್ರಂಥಾಲಯ ಸಂಘ ಹುಟ್ಟಿದಾಗ ಅದರ ಮೊದಲ ಗ್ರಂಥಪಾಲಕಿ ಆಕೆಯೇ.

ಈ ಕಥೆಯ ಇನ್ನೊಂದು ಭಾಗವನ್ನು ಬಿಟ್ಟು ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಬೋರೆನ್ ಮತ್ತು ಮೇನಾರ್ಡ್ ಬಿಟ್ಟುಕೊಟ್ಟ ನೆಲ ಅವರಿಗಿಂತ ಮೊದಲು ಡುವಾಮಿಶ್ ಜನರದು. ಊರಿಗಿರುವ ಹೆಸರು ಆ ಜನರ ಮುಖಂಡನದು. ಮಿಲ್ಲಿನಲ್ಲಿ ಅವರಲ್ಲಿ ಅನೇಕರು ಕೂಲಿ ಮಾಡಿದರು. ಸಾರಾ ಬರುವ ಮೊದಲು ಯೆಸ್ಲರನಿಗೆ ಡುವಾಮಿಶ್ ಹೆಣ್ಣುಮಗಳೊಬ್ಬಳಲ್ಲಿ ಜೂಲಿಯಾ ಎಂಬ ಮಗಳೂ ಹುಟ್ಟಿದ್ದಳು. ಹಾಗಿದ್ದೂ 1865ರಲ್ಲಿ ಊರಿನ ಆಡಳಿತ ಮೂಲನಿವಾಸಿಗಳು ಊರೊಳಗೆ ವಾಸಿಸಬಾರದೆಂದು ಕಟ್ಟಳೆ ಮಾಡಿತು. ಕೆಲಸ ಕೊಟ್ಟವರು ಇರಿಸಿಕೊಂಡರಷ್ಟೇ ಅವರಿಗೆ ನೆಲೆ. ಯೆಸ್ಲರ್ ಎರಡು ಬಾರಿ ಮೇಯರ್ ಆದ, ಸಾಲದಲ್ಲಿ ಮುಳುಗಿ ಎದ್ದ, 1889ರ ಮಹಾ ಬೆಂಕಿಯನ್ನು ಕಂಡು 1892ರಲ್ಲಿ ತೀರಿಕೊಂಡ. ಬಂದವನಿಗೆ ಒತ್ತರಿಸಿ ಜಾಗ ಕೊಟ್ಟ ಊರೇ, ಇದ್ದವರನ್ನು ಹೊರಗೆ ಹಾಕಿದ ಊರೂ ಹೌದು. ಇಲ್ಲಿ ಬೇರೂರುವ ನಾವು ಎರಡನ್ನೂ ತಿಳಿದಿರಬೇಕೆಂದು ನನ್ನ ಗಟ್ಟಿ ನಂಬಿಕೆ.

ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಫಸ್ಟ್ ಅವೆನ್ಯೂ ಯೆಸ್ಲರ್ ವೇಯನ್ನು ಕೂಡುವಲ್ಲಿಗೆ ಬನ್ನಿ. ಈ ತಿಂಗಳಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವುದರಿಂದ ಬೆಳಿಗ್ಗೆಯೇ ಸೇರೋಣ. ಉತ್ತರದ ಬೀದಿಗಳನ್ನು ಡೆನ್ನಿ, ಬೋರೆನ್ ದಡದ ಓರೆಗೆ ಹೊಂದಿಸಿ ಹಾಕಿದರು, ದಕ್ಷಿಣದವನ್ನು ಮೇನಾರ್ಡ್ ದಿಕ್ಸೂಚಿ ಹಿಡಿದು ಹಾಕಿದ. ಎರಡೂ ಇಂದಿಗೂ ನೇರ ಕೂಡದೆ, ಯೆಸ್ಲರನ ಪಟ್ಟಿಯಲ್ಲಿ ಸೊಟ್ಟಗೆ ಸಂಧಿಸುವುದನ್ನು ನಿಮಗೆ ತೋರಿಸುತ್ತೇನೆ. ಅಲ್ಲಿಂದ ನನ್ನ ಕಾರಿನಲ್ಲಿ ಡುವಾಮಿಶ್ ನದಿಯ ಬಳಿ ಆ ಜನರು ಸೇರುವ ಸಮುದಾಯದ ಮನೆಯಾದ ಡುವಾಮಿಶ್ ಲಾಂಗ್‌ಹೌಸಿಗೆ ಹೋಗಿ, ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೆ ಬರೋಣ.