ಹಲವು ಥ್ರೆಡ್‌ಗಳಿಂದ ಫೋಲ್ಡರ್ ಜಾಲಾಡುವಾಗ ಪ್ರೋಗ್ರಾಂ ಸ್ತಬ್ಧವಾಗುವುದೇಕೆ?

ಉಡುಪಿಯ ನಿಮ್ಮ ಕಚೇರಿಯ ನೆಟ್‌ವರ್ಕ್ ಡ್ರೈವ್‌ನಲ್ಲಿರುವ ಯಕ್ಷಗಾನ ಪ್ರಸಂಗಗಳ ಸ್ಕ್ಯಾನ್ ಪ್ರತಿಗಳನ್ನು ಎಣಿಸಲು ಬರೆದ ಪೈಥಾನ್ ಪ್ರೋಗ್ರಾಂ, 8 ಥ್ರೆಡ್‌ಗಳಿದ್ದರೂ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಸಾಗುವ ಕೆಲಸದ ಎಳೆಗಳು) ನಡುವೆ ನಿಂತುಬಿಡುವುದೇಕೆ ಎಂದು ಕೇಳಿದ್ದೀರಿ. ಇನ್ನೂ ನೋಡಬೇಕಾದ ಫೋಲ್ಡರ್‌ಗಳನ್ನು ಇಡುವ ಸರದಿಗೆ (ಕ್ಯೂ) ನೀವು 100ರ ಮಿತಿ ಹಾಕಿರುವುದೇ ಕಾರಣ. ಸರದಿಯಿಂದ ಫೋಲ್ಡರ್ ತೆಗೆಯುವ ಥ್ರೆಡ್‌ಗಳೇ ಅದರ ಉಪಫೋಲ್ಡರ್‌ಗಳನ್ನು ಮರಳಿ ಅದೇ ಸರದಿಗೆ ಸೇರಿಸಬೇಕಾಗಿರುವುದರಿಂದ, ಅದು ತುಂಬಿದ ಗಳಿಗೆಯಲ್ಲಿ ಎಂಟೂ ಸೇರಿಸಲು ಕಾಯುತ್ತ ನಿಲ್ಲುತ್ತವೆ, ತೆಗೆಯುವುದಕ್ಕೆ ಯಾವುದೂ ಉಳಿಯುವುದಿಲ್ಲ. ರಥಬೀದಿಯ ಪಕ್ಕದ ಓಣಿಯಲ್ಲಿ ಎದುರುಬದುರಾದ ಎರಡು ಕಾರುಗಳ ಸ್ಥಿತಿಯೇ ಇದು. ಮಿತಿಯನ್ನು ತೆಗೆದುಹಾಕಿ. ಸ್ಮರಣೆಯ ಚಿಂತೆಯಿದ್ದರೆ, ಕೊನೆಗೆ ಬಂದದ್ದನ್ನು ಮೊದಲು ಕೊಡುವ ಸರದಿಯನ್ನು ಬಳಸಿ. ಆಗ ಆಳದ ಫೋಲ್ಡರ್‌ಗಳು ಮೊದಲು ಮುಗಿಯುವುದರಿಂದ ಬಾಕಿ ಪಟ್ಟಿ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ.

ಸರದಿ ಖಾಲಿಯಾದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದೂ ತಪ್ಪು, ಏಕೆಂದರೆ ಇನ್ನೊಂದು ಥ್ರೆಡ್ ಆಗಷ್ಟೇ ಹೊಸ ಉಪಫೋಲ್ಡರ್‌ಗಳನ್ನು ಕಾಣುತ್ತಿರಬಹುದು. ಇನ್ನೆಷ್ಟು ಫೋಲ್ಡರ್ ಮುಗಿದಿಲ್ಲವೆಂಬ ಬಾಕಿ ಲೆಕ್ಕವನ್ನು ಪೈಥಾನ್‌ನ ಸರದಿಯೇ ಇಡುತ್ತದೆ. ಒಂದು ಫೋಲ್ಡರಿನ ಎಲ್ಲ ಉಪಫೋಲ್ಡರ್‌ಗಳನ್ನು ಸೇರಿಸಿದ ಮೇಲಷ್ಟೇ, ಅದರ ಕೆಲಸ ಮುಗಿಯಿತೆಂದು ಸರದಿಗೆ ತಿಳಿಸುವ 'ಟಾಸ್ಕ್ ಡನ್' (task_done) ಕರೆಯಬೇಕು.

ಫೋಲ್ಡರ್ ಓದಲು ಪೈಥಾನ್‌ನ 3.5ನೇ ಆವೃತ್ತಿಯಿಂದ ಇರುವ 'ಸ್ಕ್ಯಾನ್‌ಡಿರ್' (os.scandir) ಸಾಕು. ಅದು ಹೆಸರಿನೊಂದಿಗೆ, ಕಡತವೋ ಫೋಲ್ಡರೋ ಎಂಬ ಬಗೆಯನ್ನೂ ತಿಳಿಸುವುದರಿಂದ ಪ್ರತಿ ಕಡತಕ್ಕೂ ಸರ್ವರ್ ಅನ್ನು ಮತ್ತೆ ವಿಚಾರಿಸುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ, ಮತ್ತು ನನ್ನ ಮಟ್ಟಿಗೆ ಥ್ರೆಡ್ ಸೇರಿಸುವ ಮೊದಲು ಮಾಡಬೇಕಾದದ್ದು ಇದನ್ನೇ. ಬೇರೊಂದು ಫೋಲ್ಡರಿನತ್ತ ಬೊಟ್ಟುಮಾಡುವ ಸಾಂಕೇತಿಕ ಕೊಂಡಿಗಳನ್ನು (ಸಿಮ್‌ಲಿಂಕ್) ಹಿಂಬಾಲಿಸಬೇಡಿ, ಸುತ್ತು ಮುಗಿಯದೆ ಹೋದೀತು. ನೆಟ್‌ವರ್ಕಿನಲ್ಲಿ ಸಮಯ ಹೋಗುವುದು ಉತ್ತರಕ್ಕಾಗಿ ಕಾಯುವುದರಲ್ಲಿ. ಆ ಹೊತ್ತಿನಲ್ಲಿ ಪೈಥಾನ್, ಒಂದು ಸಲಕ್ಕೆ ಒಂದೇ ಥ್ರೆಡ್ ಓಡುವಂತೆ ತಡೆಯುವ ತನ್ನ ಬೀಗವನ್ನು (GIL) ಬಿಟ್ಟುಕೊಡುವುದರಿಂದ ಥ್ರೆಡ್‌ಗಳು ಫಲ ಕೊಡುತ್ತವೆ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಾದರೆ ಒಂದೆರಡಕ್ಕಿಂತ ಹೆಚ್ಚಿನವು ವೇಗವನ್ನು ತಗ್ಗಿಸಲೂಬಹುದು.