ಯುರೋಪಿನ ಜನ ನಮ್ಮಷ್ಟು ಜಾಲತಾಣ ಬಳಸುವುದಿಲ್ಲವೇ? ಲೈಪ್‌ಜಿಗ್‌ನಿಂದ ಒಂದು ಉತ್ತರ

ನೀವು ಎರಡು ವಿಷಯ ಕೇಳಿದ್ದೀರಿ. ಯುರೋಪಿನ ಜನ ನಮ್ಮಷ್ಟು ಸಾಮಾಜಿಕ ಜಾಲತಾಣಗಳನ್ನು ಬಳಸುವುದಿಲ್ಲ ಎಂಬ ಮಾತು ನಿಜವೇ ಎಂಬುದು ಒಂದು; ಅದರಿಂದಾಗಿ ಅವರ ದಿನನಿತ್ಯದ ಬದುಕು ನಮ್ಮದಕ್ಕಿಂತ ನೆಮ್ಮದಿಯಾಗಿದೆಯೇ ಎಂಬುದು ಇನ್ನೊಂದು. ಯುರೋಪು ಬಹಳ ದೊಡ್ಡದು, ದೇಶದಿಂದ ದೇಶಕ್ಕೆ ರೀತಿನೀತಿ ಬೇರೆ. ಆದ್ದರಿಂದ ನಾನು ಕುಟುಂಬದೊಂದಿಗೆ ನೆಲೆಸಿರುವ, ಹಿಂದೆ ಪೂರ್ವ ಜರ್ಮನಿಗೆ ಸೇರಿದ್ದ ಲೈಪ್‌ಜಿಗ್ ನಗರದಲ್ಲಿ ಕಂಡುಂಡದ್ದನ್ನೇ ಆಧಾರವಾಗಿಟ್ಟುಕೊಂಡು ಉತ್ತರಿಸುತ್ತೇನೆ.

ಮೊದಲನೆಯದು ನಿಜವಲ್ಲ. ಬೆಳಗಿನ ಟ್ರಾಮ್ ಹತ್ತಿದರೆ ಕುಳಿತವರ ಕೈಯಲ್ಲೂ ನಿಂತವರ ಕೈಯಲ್ಲೂ ಮೊಬೈಲ್ ಇರುತ್ತದೆ. ಯುರೋಪಿನವರು ಪ್ರಯಾಣದಲ್ಲಿ ಪುಸ್ತಕವನ್ನೇ ಓದುತ್ತಾರೆ ಎಂದು ನಮ್ಮ ಕಡೆ ಹರಿದಾಡುವ ಸಂದೇಶಗಳನ್ನು ದಯವಿಟ್ಟು ನಂಬಬೇಡಿ; ಓದುವವರು ಇದ್ದಾರೆ, ಆದರೆ ಮೊಬೈಲ್ ನೋಡುವವರೇ ಹೆಚ್ಚು. ಪೋಷಕರ ಗುಂಪು, ಫುಟ್‌ಬಾಲ್ ತಂಡದ ಗುಂಪು, ಸಹೋದ್ಯೋಗಿಗಳ ಗುಂಪು, ಎಲ್ಲವೂ ಇಲ್ಲಿಯೂ ವಾಟ್ಸಾಪ್‌ನಲ್ಲೇ ಇವೆ. ಭಾರತದಲ್ಲಿ 2020ರಲ್ಲಿ ನಿಷೇಧವಾದ ಟಿಕ್‌ಟಾಕ್ ಇಲ್ಲಿನ ಹದಿಹರೆಯದವರ ದಿನದ ದೊಡ್ಡ ಪಾಲನ್ನು ನುಂಗುತ್ತಿದೆ. 2025ರ ಫೆಬ್ರವರಿಯಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ 18ರಿಂದ 24 ವರ್ಷದ ಮತದಾರರ ನಡುವೆ ಎಡಪಂಥದ ಡಿ ಲಿಂಕೆ ಮೊದಲ ಸ್ಥಾನಕ್ಕೂ ಕಡು ಬಲಪಂಥದ ಎಎಫ್‌ಡಿ ಎರಡನೆಯ ಸ್ಥಾನಕ್ಕೂ ಬಂದವು. ಕಿರು ವಿಡಿಯೊಗಳ ಮೂಲಕ ಯುವಜನರನ್ನು ತಲುಪುವುದರಲ್ಲಿ ಈ ಎರಡು ಪಕ್ಷಗಳೂ ಹಳೆಯ ದೊಡ್ಡ ಪಕ್ಷಗಳಿಗಿಂತ ಬಹಳ ಮುಂದಿದ್ದವು. ಜಾಲತಾಣದ ಪ್ರಭಾವ ಇಲ್ಲಿ ಕಡಿಮೆ ಎಂದು ಈಗ ಯಾರೂ ಹೇಳಲಾರರು.

ಹಾಗಾದರೆ ನೀವು ಕೇಳಿದ ವ್ಯತ್ಯಾಸ ಎಲ್ಲಿದೆ? ನನಗೆ ಕಾಣುವಂತೆ, ನೋಡುವುದರಲ್ಲಿ ಇಲ್ಲದ ಸಂಕೋಚ ಇವರಿಗೆ ಹಾಕುವುದರಲ್ಲಿದೆ, ಅದರಲ್ಲೂ ಬೇರೆಯವರ ವಿಷಯ ಹಾಕುವುದರಲ್ಲಿ. ಒಬ್ಬರ ಮುಖ, ಒಬ್ಬರ ಮನೆ, ಒಬ್ಬರ ಕಾಯಿಲೆ, ಒಬ್ಬರ ಮಗುವಿನ ಹುಟ್ಟುಹಬ್ಬ, ಇವೆಲ್ಲ ಆ ವ್ಯಕ್ತಿಗೆ ಸೇರಿದ್ದು, ಅವರನ್ನು ಕೇಳದೆ ಅದನ್ನು ನಾಲ್ಕು ಜನರ ಮುಂದೆ ಇಡುವ ಹಕ್ಕು ತಮಗಿಲ್ಲ ಎಂಬ ಭಾವನೆ ಬಹಳ ಜನರಲ್ಲಿ ಬೇರೂರಿದೆ. ನಮ್ಮಲ್ಲಿ ಮದುವೆ ಮನೆಯ ಫೋಟೊ ಹಾಕಲು ಯಾರೂ ಯಾರನ್ನೂ ಕೇಳುವುದಿಲ್ಲ. ಹಾಕದಿದ್ದರೆ ಬೇಸರ ಮಾಡಿಕೊಳ್ಳುವವರೇ ಹೆಚ್ಚು.

ಈ ಭಾವನೆಗೆ ಮೊಬೈಲಿಗಿಂತ ಬಹಳ ಹಳೆಯ ಇತಿಹಾಸವಿದೆ. 1898ರ ಜುಲೈನಲ್ಲಿ, ಜರ್ಮನಿಯನ್ನು ಒಂದುಗೂಡಿಸಿದ ನಾಯಕ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಛಾಯಾಗ್ರಾಹಕರು ಶವವಿದ್ದ ಕೋಣೆಗೆ ರಾತ್ರಿ ನುಸುಳಿ ಫೋಟೊ ತೆಗೆದು ಮಾರಲು ಹೊರಟರು. ಕುಟುಂಬ ನ್ಯಾಯಾಲಯಕ್ಕೆ ಹೋಯಿತು. ಆದರೆ ಒಬ್ಬರ ಚಿತ್ರದ ಮೇಲೆ ಅವರಿಗಿರುವ ಹಕ್ಕನ್ನು ಕಾಯುವ ಕಾನೂನು ಆಗ ಇರಲಿಲ್ಲವಾದ್ದರಿಂದ, ಅತಿಕ್ರಮವಾಗಿ ಮನೆಯೊಳಗೆ ಹೊಕ್ಕರು ಎಂಬ ಆಧಾರದ ಮೇಲೆ ತೀರ್ಪು ಕೊಡಬೇಕಾಯಿತು. ಆ ಪ್ರಕರಣ ಎಬ್ಬಿಸಿದ ಚರ್ಚೆಯ ಬಳಿಕ 1907ರಲ್ಲಿ ಬಂದ ಕಾನೂನು, ವ್ಯಕ್ತಿಯ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹಂಚುವಂತಿಲ್ಲ ಎಂದಿತು. ಸಾರ್ವಜನಿಕ ಸಭೆ, ಮೆರವಣಿಗೆಗಳಂಥ ಕೆಲವು ವಿನಾಯಿತಿಗಳೊಂದಿಗೆ ಅದು ಈಗಲೂ ಜಾರಿಯಲ್ಲಿದೆ.

ಲೈಪ್‌ಜಿಗ್‌ನಂಥ ಊರಿನಲ್ಲಿ ಕಾನೂನಿಗಿಂತಲೂ ಆಳವಾದ ಕಾರಣವೊಂದಿದೆ. ನಗರದ ನಡುವೆ, ಒಂದು ಕಾಲದಲ್ಲಿ ಸ್ಟಾಸಿ ಎಂಬ ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಜಿಲ್ಲಾ ಕಚೇರಿಯಾಗಿದ್ದ ಕಟ್ಟಡವಿದೆ. 1989ರ ಡಿಸೆಂಬರ್ 4ರಂದು ಊರಿನ ಜನರೇ ಅದನ್ನು ವಶಪಡಿಸಿಕೊಂಡರು. ಈಗ ಅದು ವಸ್ತು ಸಂಗ್ರಹಾಲಯ. ಜನರ ಪತ್ರಗಳನ್ನು ಹಬೆಯಿಂದ ತೆರೆದು ಓದಿ ಮತ್ತೆ ಅಂಟಿಸುತ್ತಿದ್ದ ಉಪಕರಣಗಳು, ನಾಯಿಗಳಿಂದ ಪತ್ತೆ ಹಚ್ಚಿಸಲು ವ್ಯಕ್ತಿಗಳ ಮೈವಾಸನೆಯನ್ನು ಬಟ್ಟೆಯ ತುಂಡಿನಲ್ಲಿ ಹಿಡಿದಿಟ್ಟ ಗಾಜಿನ ಜಾಡಿಗಳು ಅಲ್ಲಿವೆ. ಸ್ಟಾಸಿ ಬಿಟ್ಟುಹೋದ ಕಡತಗಳನ್ನು ಸಾಲಾಗಿ ಜೋಡಿಸಿದರೆ ಒಟ್ಟು 111 ಕಿಲೋಮೀಟರ್ ಉದ್ದವಾಗುತ್ತದೆ. 1992ರಿಂದ ತಮ್ಮ ಕಡತವನ್ನು ತಾವೇ ಓದುವ ಅವಕಾಶ ಸಿಕ್ಕಾಗ ಎಷ್ಟೋ ಜನರಿಗೆ ತಮ್ಮ ಬಗ್ಗೆ ವರದಿ ಕೊಡುತ್ತಿದ್ದವರು ಪಕ್ಕದ ಮನೆಯವರು, ಸ್ನೇಹಿತರು, ಕೆಲವೊಮ್ಮೆ ಮನೆಯವರೇ ಎಂದು ತಿಳಿಯಿತು. ಆ ಕಾಲವನ್ನು ಬದುಕಿದವರು ಈಗಲೂ ನಮ್ಮ ಕಟ್ಟಡದಲ್ಲಿದ್ದಾರೆ. ಅವರ ಬಾಲ್ಕನಿಯ ಹೂಕುಂಡಗಳನ್ನು ಮೆಚ್ಚಿ ಫೋಟೊ ತೆಗೆದರೂ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾರೆ, ಮತ್ತು ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ.

ಪಶ್ಚಿಮ ಜರ್ಮನಿಯೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಜಗತ್ತಿನ ಮೊದಲ ದತ್ತಾಂಶ ಸಂರಕ್ಷಣಾ ಕಾನೂನು 1970ರಲ್ಲಿ ಹೆಸ್ಸೆನ್ ರಾಜ್ಯದಲ್ಲಿ ಬಂತು. 1983ರಲ್ಲಿ ಜನಗಣತಿಯ ವಿರುದ್ಧ ಜನ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದಾಗ, ತನ್ನ ಬಗೆಗಿನ ಮಾಹಿತಿ ಯಾರಿಗೆ ಎಷ್ಟು ತಿಳಿಯಬೇಕು ಎಂದು ತೀರ್ಮಾನಿಸುವುದು ವ್ಯಕ್ತಿಯ ಮೂಲಭೂತ ಹಕ್ಕು ಎಂದು ಆ ನ್ಯಾಯಾಲಯ ಸಾರಿತು. 2010ರಲ್ಲಿ ಗೂಗಲ್ ಸ್ಟ್ರೀಟ್ ವ್ಯೂ 20 ನಗರಗಳ ಬೀದಿಗಳನ್ನು ತೋರಿಸಲು ಬಂದಾಗ ಸುಮಾರು 2.44 ಲಕ್ಷ ಮನೆಗಳವರು ತಮ್ಮ ಮನೆಯನ್ನು ಮಸುಕು ಮಾಡಿ ಎಂದು ಅರ್ಜಿ ಹಾಕಿದರು. ಮರುವರ್ಷವೇ ಕಂಪನಿ ಹೊಸ ಚಿತ್ರೀಕರಣವನ್ನು ಕೈಬಿಟ್ಟು, ಮತ್ತೆ ಹೊಸ ಚಿತ್ರಗಳನ್ನು ತಂದದ್ದು 2023ರಲ್ಲಿ.

ಇವೆಲ್ಲ ನನ್ನ ದಿನನಿತ್ಯದ ಬದುಕಿಗೆ ಬಂದು ಮುಟ್ಟಿದ್ದು ಮಗಳನ್ನು ಶಿಶುವಿಹಾರಕ್ಕೆ ಸೇರಿಸಿದಾಗ. ದಾಖಲಾತಿಯ ಕಾಗದಗಳ ನಡುವೆ ಫೋಟೊಗೆಂದೇ ಬೇರೆಯಾದ ಒಂದು ಹಾಳೆ ಇತ್ತು. ಮಗುವಿನ ಫೋಟೊವನ್ನು ಮೊಗಸಾಲೆಯ ಗೋಡೆಗೆ ಅಂಟಿಸಬಹುದೇ, ಬೇರೆ ಮಕ್ಕಳ ಕಡತದಲ್ಲಿ ಸೇರಿಸಿ ಅವರ ಮನೆಗೆ ಕಳಿಸಬಹುದೇ, ಸ್ಥಳೀಯ ಪತ್ರಿಕೆಗೆ ಕೊಡಬಹುದೇ, ವೆಬ್‌ಸೈಟಿನಲ್ಲಿ ಹಾಕಬಹುದೇ ಎಂದು ಒಂದೊಂದಕ್ಕೂ ಪ್ರತ್ಯೇಕ ಚೌಕ, ತಂದೆ ತಾಯಿ ಇಬ್ಬರ ಸಹಿ, ಯಾವಾಗ ಬೇಕಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೆಂಬ ಸಾಲು. ನವೆಂಬರ್‌ನಲ್ಲಿ ಸಂತ ಮಾರ್ಟಿನ್ ದಿನದ ಸುಮಾರಿಗೆ ಮಕ್ಕಳು ತಾವೇ ಮಾಡಿದ ಕಾಗದದ ಲಾಟೀನು ಹಿಡಿದು ಕತ್ತಲಲ್ಲಿ ಹಾಡುತ್ತಾ ಹೋಗುತ್ತಾರೆ. ಎಂಥವರಿಗೂ ಫೋಟೊ ತೆಗೆಯಬೇಕೆನಿಸುವ ನೋಟ ಅದು. ಹೊರಡುವ ಮೊದಲು ಶಿಕ್ಷಕಿ, ನಿಮ್ಮ ಮಗುವಿನ ಫೋಟೊ ತೆಗೆದುಕೊಳ್ಳಿ, ಅದರಲ್ಲಿ ಬೇರೆಯವರ ಮಕ್ಕಳೂ ಇದ್ದರೆ ಯಾರಿಗೂ ಕಳಿಸಬೇಡಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಯಾರೂ ಮುಖ ಸಿಂಡರಿಸಲಿಲ್ಲ. ಮರುದಿನ ಪೋಷಕರ ಗುಂಪಿನಲ್ಲಿ ಒಬ್ಬ ತಾಯಿ ಹಾಕಿದ ಚಿತ್ರದಲ್ಲಿ ಆಕೆಯ ಮಗನೊಬ್ಬನನ್ನು ಬಿಟ್ಟು ಉಳಿದ ಮಕ್ಕಳ ಮುಖಗಳ ಮೇಲೆಲ್ಲ ಹಳದಿ ಹೂಗಳಿದ್ದವು.

ನಾನೂ ಅದೇ ಕ್ರಮ ಅನುಸರಿಸಿ ಮಗಳ ಚಿತ್ರವನ್ನು ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಕಳಿಸಿದೆ. ತಕ್ಷಣ ಕರೆ ಬಂತು. "ಎಂಥದೇ ಇದು, ಪಾಪದ ಮಕ್ಕಳ ಮುಖಕ್ಕೆಲ್ಲ ಹೂ ಅಂಟಿಸಿದ್ದೀಯಲ್ಲ?" ಎಂದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಮಕ್ಕಳ ಅಜ್ಜಿಯಂದಿರು ಮೊಮ್ಮಕ್ಕಳ ಫೋಟೊ ನೋಡೋದು ಹೆಂಗೆ?" ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ಅಜ್ಜಿಯರಿಗೆ ಇಲ್ಲಿಯವರೂ ಮೊಬೈಲಿನಲ್ಲೇ ಕಳಿಸುತ್ತಾರೆ, ಆದರೆ ಇನ್ನೂ ಬಹಳ ಮಂದಿ ಅಚ್ಚು ಮಾಡಿಸಿ ಕೊಡುತ್ತಾರೆ. ಸೋಪು, ಶಾಂಪೂ ಮಾರುವ ಅಂಗಡಿಗಳ ಮೂಲೆಯಲ್ಲಿ ಫೋಟೊ ಅಚ್ಚು ಮಾಡುವ ಯಂತ್ರಗಳಿರುತ್ತವೆ. ಕ್ರಿಸ್ಮಸ್ ಹತ್ತಿರ ಬಂದಾಗ ಅವುಗಳ ಮುಂದೆ ಜನ ಕಾದು ನಿಂತು, ವರ್ಷದ ಚಿತ್ರಗಳಿಂದ ಹನ್ನೆರಡು ಪುಟದ ಕ್ಯಾಲೆಂಡರ್ ಮಾಡಿಸಿಕೊಂಡು ಹೋಗುತ್ತಾರೆ. ಈಗ ನಾನೂ ಪ್ರತಿ ವರ್ಷ ಅಮ್ಮನಿಗೊಂದು ಮಾಡಿಸುತ್ತೇನೆ. ನೂರಾರು ಫೋಟೊಗಳಲ್ಲಿ ಹನ್ನೆರಡನ್ನೇ ಆರಿಸಬೇಕಾದಾಗ ಒಂದೊಂದನ್ನೂ ಕಣ್ಣಿಟ್ಟು ನೋಡುತ್ತೇನೆ. ಕುಟುಂಬದ ಗುಂಪಿಗೆ ಕಳಿಸುವಾಗ ಹಾಗೆ ನೋಡುವುದಿಲ್ಲ.

ಕಾನೂನಿನ ವಿಷಯ ಬಂದಾಗ ಜನರ ವೈಯಕ್ತಿಕ ಮಾಹಿತಿಯನ್ನು ಕಾಯುವ ಯುರೋಪ್ ಒಕ್ಕೂಟದ ಜಿಡಿಪಿಆರ್ ನಿಯಮಗಳನ್ನು ಹೇಳದೆ ಬಿಡುವಂತಿಲ್ಲ. 2018ರ ಮೇ 25ರಿಂದ ಜಾರಿಯಲ್ಲಿರುವ ಈ ನಿಯಮಗಳ ಪ್ರಕಾರ ನನ್ನ ಬಗ್ಗೆ ಏನೆಲ್ಲ ಸಂಗ್ರಹಿಸಿದ್ದೀರಿ ಎಂದು ಕಂಪನಿಯನ್ನು ಕೇಳಬಹುದು, ಅಳಿಸಿ ಎನ್ನಬಹುದು. ಅದಕ್ಕೂ ಮೊದಲು, 2011ರಲ್ಲಿ, ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಫೇಸ್‌ಬುಕ್‌ನಿಂದ ತನ್ನ ಮಾಹಿತಿ ಕೇಳಿ ಸುಮಾರು 1,200 ಪುಟ ಪಡೆದಿದ್ದರು. ಅವರು ಹೂಡಿದ ಹೋರಾಟದಿಂದಾಗಿ ಅಮೆರಿಕಕ್ಕೆ ದತ್ತಾಂಶ ಸಾಗಿಸುವ ಒಪ್ಪಂದಗಳು 2015ರಲ್ಲೊಮ್ಮೆ, 2020ರಲ್ಲೊಮ್ಮೆ ಯುರೋಪಿನ ನ್ಯಾಯಾಲಯದಲ್ಲಿ ಬಿದ್ದುಹೋದವು. ಒಬ್ಬ ವಿದ್ಯಾರ್ಥಿಯಿಂದ ಇಷ್ಟು ಸಾಧ್ಯವಾಯಿತು ಎಂಬುದು ನನಗೆ ಈಗಲೂ ದೊಡ್ಡ ವಿಷಯವೆನಿಸುತ್ತದೆ. ಆದರೆ ಯಾವ ಪುಟ ತೆರೆದರೂ ಎದುರಾಗುವ ಕುಕೀ ಒಪ್ಪಿಗೆಯ ಪೆಟ್ಟಿಗೆಗಳನ್ನು ಇಲ್ಲಿ ಹೆಚ್ಚಿನವರು ಓದದೆಯೇ ಒತ್ತುತ್ತಾರೆ. ಕಾನೂನು ಅಕ್ಕಪಕ್ಕದವರ ನಡುವೆ ಉಳಿಸಿಕೊಂಡಿರುವ ಸೂಕ್ಷ್ಮವನ್ನು ದೊಡ್ಡ ಕಂಪನಿಗಳ ಎದುರು ಅಷ್ಟಾಗಿ ಉಳಿಸಿಲ್ಲ ಎಂಬುದು ನನ್ನ ಅನಿಸಿಕೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಇದರಿಂದ ನೆಮ್ಮದಿ ಸಿಗುತ್ತದೆಯೇ? ಒಂದು ಬಗೆಯ ನೆಮ್ಮದಿ ಖಂಡಿತ ಇದೆ. ಊಟಕ್ಕೆ ಕರೆದರೆ ಊಟ ಮಾಡುತ್ತೇವೆ, ತಟ್ಟೆಯ ಫೋಟೊ ತೆಗೆಯಲೆಂದು ಯಾರೂ ನಮ್ಮನ್ನು ಕಾಯಿಸುವುದಿಲ್ಲ. ಅಂಗಡಿಗಳು ಮುಚ್ಚಿರುವ ಭಾನುವಾರ ಎಲ್ಲಿಗೆ ಹೋದೆವು, ಏನು ಕೊಂಡೆವು ಎಂದು ಯಾರಿಗೂ ತೋರಿಸಬೇಕಾಗಿಲ್ಲ. ಯಾರ ಮಗ ಎಲ್ಲಿ ಕಾರು ಕೊಂಡ, ಯಾರು ಎಲ್ಲಿ ನಿವೇಶನ ತೆಗೆದುಕೊಂಡರು ಎಂದು ದಿನವೂ ಕಣ್ಣಿಗೆ ರಾಚುವ ನಮ್ಮ ಗುಂಪುಗಳಿಂದ ಮನಸ್ಸಿಗೆ ಆಗುವ ಕಿರಿಕಿರಿ ಇಲ್ಲಿನ ನೆರೆಹೊರೆಯಿಂದ ಆಗುವುದಿಲ್ಲ.

ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಮೇಲಿನ ಮಹಡಿಯ ಹಿರಿಯರೊಬ್ಬರು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅವರ ಪತ್ನಿ ದಿನವೂ ಮೆಟ್ಟಿಲಿನಲ್ಲಿ ಸಿಗುತ್ತಿದ್ದರು, ನಮಸ್ಕಾರ ಹೇಳುತ್ತಿದ್ದರು. ವಿಷಯ ಮಾತ್ರ ಹೇಳಿರಲಿಲ್ಲ. ಪತ್ರಿಕೆಯಲ್ಲಿ ಕಪ್ಪು ಅಂಚಿನ ಪ್ರಕಟಣೆ ನೋಡಿದ ಮೇಲೆಯೇ ಕಟ್ಟಡದವರಿಗೆ ತಿಳಿಯಿತು. ನಮ್ಮೂರಿನಲ್ಲಾಗಿದ್ದರೆ ಆಸ್ಪತ್ರೆಗೆ ಸೇರಿದ ಸಂಜೆಯೇ ವಾಟ್ಸಾಪ್‌ನಲ್ಲಿ ಸುದ್ದಿ ಹರಡಿ, ಮರುದಿನ ಯಾರಾದರೂ ಗಂಜಿಯ ಡಬ್ಬಿ ಹಿಡಿದು ಹೋಗುತ್ತಿದ್ದರು. ಬೇಡದ ಸುದ್ದಿ ಹರಡುವ ಅದೇ ದಾರಿಯಲ್ಲಿ ಬೇಕಾದ ಸಹಾಯವೂ ಬರುತ್ತದೆ. ಒಂದನ್ನು ಮುಚ್ಚಿದರೆ ಇನ್ನೊಂದೂ ಅರ್ಧ ಮುಚ್ಚುತ್ತದೆ. ಈ ಒಂಟಿತನ ಸರ್ಕಾರಕ್ಕೂ ಚಿಂತೆಯಾಗಿ, 2023ರ ಡಿಸೆಂಬರ್‌ನಲ್ಲಿ ಜರ್ಮನಿಯ ಸಚಿವ ಸಂಪುಟ ಒಂಟಿತನದ ವಿರುದ್ಧ ಒಂದು ಕಾರ್ಯಯೋಜನೆಯನ್ನೇ ಅಂಗೀಕರಿಸಿತು.

ಹೊಸದಾಗಿ ಬಂದವರಿಗೆ ಈ ಒಂಟಿತನ ಇನ್ನಷ್ಟು ತಟ್ಟುತ್ತದೆ. ಅದಕ್ಕಾಗಿಯೇ ಜರ್ಮನಿಯಲ್ಲಿರುವ ಕನ್ನಡಿಗರ ಫೇಸ್‌ಬುಕ್ ಮತ್ತು ವಾಟ್ಸಾಪ್ ಗುಂಪುಗಳು ಸದಾ ತುಂಬಿ ತುಳುಕುತ್ತವೆ. ವಿಳಾಸ ನೋಂದಣಿಗೆ ಪುರಸಭೆಯಲ್ಲಿ ಸಮಯ ಸಿಗುತ್ತಿಲ್ಲ, ಏನು ಮಾಡಲಿ. ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ. ಬೆಂಗಳೂರಿನಿಂದ ಬರುವವರು ಅಪ್ಪನ ಮಾತ್ರೆ ತರಬಹುದೇ ಎಂಬ ಪ್ರಶ್ನೆಗಳಿಗೆ ಅಪರಿಚಿತರು ನಡುರಾತ್ರಿಯಲ್ಲೂ ಉತ್ತರಿಸುತ್ತಾರೆ. ಜಾಲತಾಣಗಳನ್ನು ಪೂರ್ತಿ ಬಿಟ್ಟು ಬದುಕುತ್ತೇನೆ ಎನ್ನುವವರನ್ನು ನಾನು ಗೌರವಿಸುತ್ತೇನೆ, ಆದರೆ ಪರದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಆ ಪ್ರಯೋಗ ಮಾಡಬೇಡಿ ಎಂದು ಹೇಳುತ್ತೇನೆ.

ಇಲ್ಲಿಯವರು ಪರಸ್ಪರ ಬೆರೆಯುವ ಜಾಗ ಬೇರೆಯೇ ಇದೆ: ನೋಂದಾಯಿತ ಸಂಘಗಳು. ದೇಶದಲ್ಲಿ ಅಂಥವು 6 ಲಕ್ಷಕ್ಕಿಂತ ಹೆಚ್ಚಿವೆ. ಹಾಡಿಗೆ, ಚದುರಂಗಕ್ಕೆ, ಅಗ್ನಿಶಾಮಕ ಸೇವೆಗೆ, ತೋಟಕ್ಕೆ. ಲೈಪ್‌ಜಿಗ್ ಅಂತೂ ತೋಟದ ಸಂಘಗಳ ತವರು. ಡಾ. ಶ್ರೇಬರ್ ಎಂಬ ವೈದ್ಯರ ಹೆಸರಿನಲ್ಲಿ 1864ರಲ್ಲಿ ಇಲ್ಲಿ ಹುಟ್ಟಿದ ಸಂಘದಿಂದಲೇ ಜರ್ಮನಿಯ ಪುಟ್ಟ ಬಾಡಿಗೆ ತೋಟಗಳಿಗೆ ಶ್ರೇಬರ್ ತೋಟ ಎಂಬ ಹೆಸರು ಬಂತು. ಒಂದು ತೋಟ 400 ಚದರ ಮೀಟರ್ ಮೀರಬಾರದು. ಮೂರನೆಯ ಒಂದು ಭಾಗದಲ್ಲಾದರೂ ಹಣ್ಣು ತರಕಾರಿ ಬೆಳೆಯಬೇಕು. ನಮ್ಮ ಪರಿಚಿತರ ತೋಟದ ಸಂಘದಲ್ಲಿ ಸುದ್ದಿಯೆಲ್ಲ ದ್ವಾರದ ಬಳಿಯ ಗಾಜಿನ ಬಾಗಿಲಿನ ಫಲಕದಲ್ಲಿರುತ್ತದೆ: ನೀರು ಯಾವಾಗ ನಿಲ್ಲಿಸುತ್ತಾರೆ, ಎಲ್ಲರೂ ಸೇರಿ ದಾರಿ ಸ್ವಚ್ಛ ಮಾಡುವ ಶನಿವಾರ ಯಾವುದು, ಯಾರಿಗೆ ಎಂಬತ್ತು ತುಂಬಿತು. ಅದನ್ನು ಓದಲು ಅಲ್ಲಿಗೆ ಹೋಗಲೇಬೇಕು, ಹೋದಾಗ ಇನ್ನೊಬ್ಬರು ಸಿಕ್ಕೇ ಸಿಗುತ್ತಾರೆ. ಫಲಕದ ಮುಂದೆ ನಿಂತು ಮಾತಿಗೆ ಮಾತು ಬೆಳೆದು ಕೊನೆಗೆ ಕೈತುಂಬ ಸೋರೆಯಂಥ ಕಾಯಿ, ಟೊಮೆಟೊ ಹಿಡಿದು ನಾವು ಮನೆಗೆ ಬಂದದ್ದುಂಟು.

ಹಾಗಾಗಿ ನಿಮಗೆ ನನ್ನ ನೇರ ಉತ್ತರ: ಜಾಲತಾಣ ಕಡಿಮೆ ಎಂಬ ಕಾರಣಕ್ಕೆ ಇಲ್ಲಿ ಯಾರೂ ನೆಮ್ಮದಿಯಾಗಿಲ್ಲ, ಸಂಘ, ತೋಟ, ಗೆಳೆಯರ ಮೇಜು ಎಂದು ಹೋಗಲು ಒಂದು ಜಾಗವಿರುವವರು ನೆಮ್ಮದಿಯಾಗಿದ್ದಾರೆ, ಅದಿಲ್ಲದವರು ನಮ್ಮೂರಿನವರಿಗಿಂತಲೂ ಹೆಚ್ಚು ಒಂಟಿಯಾಗಿದ್ದಾರೆ. ನೀವು ಇಲ್ಲಿಗೆ ಬರುವ ಯೋಚನೆಯಲ್ಲಿದ್ದರೆ, ಮನೆ ಸಿಕ್ಕ ಕೂಡಲೇ ಹತ್ತಿರದ ಯಾವುದಾದರೂ ಸಂಘಕ್ಕೆ ಸೇರಿಕೊಳ್ಳಿ. ಭಾಷೆ ಅರ್ಧಂಬರ್ಧ ಬಂದರೂ ಅಡ್ಡಿಯಿಲ್ಲ, ಕೆಲಸಕ್ಕೆ ಕೈ ಜೋಡಿಸಿದರೆ ಸಾಕು. ಅಲ್ಲಿ ತೆಗೆದ ಫೋಟೊವನ್ನು ಊರಿಗೆ ಕಳಿಸಬೇಕೆನಿಸಿದರೆ ಅದರಲ್ಲಿರುವವರನ್ನು ಒಮ್ಮೆ ಕೇಳಿ. ನಾನು ಕೇಳಿದಾಗಲೆಲ್ಲ ಹೆಚ್ಚಿನವರು ಸಂತೋಷದಿಂದಲೇ ಒಪ್ಪಿದ್ದಾರೆ.